ಮೂರು ನಿಮಿಷದ ಕ್ಷೇಮ ಸಮಾಚಾರ

ಈಗ ಫೋನಿನೊಳಗೆ ಒಬ್ಬ ಅಪರಿಚಿತ ಹೆಣ್ಣುಮಗಳು ಕೂತಿರುತ್ತಾಳೆ. ನಾವು ಕರೆದವರು ಸಿಗದಿದ್ದರೆ, ಸದ್ದು ಕೇಳಿದ ಮೇಲೆ ನಿಮ್ಮ ಸಂದೇಶ ಹೇಳಿ ಎನ್ನುತ್ತಾಳೆ. ಆ ಸದ್ದು ಕೇಳಿದ ಕೂಡಲೇ ನಾನು 'ಆರಾಮ ಇದ್ದೀರಾ?' ಎಂದು ಕೇಳಿ ಉತ್ತರಕ್ಕೆ ಕಾಯುತ್ತೇನೆ. ಉತ್ತರ ಬರುವುದಿಲ್ಲ. ಉತ್ತರ ಬರದೆ ಮುಂದಿನ ಮಾತಿಗೆ ಹೋಗುವ ಪದ್ಧತಿ ನಮ್ಮ ಮನೆತನದಲ್ಲಿ ಇಲ್ಲ. ಹಾಗೆ ಕಾಯುತ್ತ ನಿಂತಿರುವಾಗಲೇ ಯಂತ್ರದ ತಾಳ್ಮೆ ಮುಗಿಯುತ್ತದೆ. ನನ್ನ ಬಂಧುಗಳ ಬಳಿ ಒಂದು ಪ್ರಶ್ನೆ, ಅದರ ಹಿಂದೆ ಒಂದಷ್ಟು ಉಸಿರಾಟ, ಇಷ್ಟೇ ಇರುವ ನನ್ನ ಸಂದೇಶಗಳು ಬೇಕಾದಷ್ಟು ಸಂಗ್ರಹವಾಗಿವೆಯಂತೆ.

ಈ ದೋಷ ನನಗೆ ತಂದೆಯಿಂದ ಬಂದದ್ದು. ಅವರು ರಾಯಚೂರಿನ ಒಂದು ಗುಡಿಯಲ್ಲಿ ಪೂಜೆಗಿದ್ದರು. ಕಾಗದ ಬರೆಯಲು ಕೂತರೆ ಅದಕ್ಕೂ ಮಡಿಯಲ್ಲೇ ಕೂಡುವರು. ಪೋಸ್ಟ್ ಕಾರ್ಡಿನ ನೆತ್ತಿಯ ಮೇಲೆ ಶ್ರೀಕಾರ, ಅದರ ಕೆಳಗೆ 'ಉಭಯ ಕುಶಲೋಪರಿ ಸಾಂಪ್ರತ', ಆಮೇಲೆ ನಮ್ಮ ಕಡೆಯವರ ಕ್ಷೇಮ ಹಿರಿತನದ ಕ್ರಮದಲ್ಲಿ, ಅವರ ಕಡೆಯವರ ಕ್ಷೇಮ ಅದೇ ಕ್ರಮದಲ್ಲಿ. ಇಷ್ಟಾಗುವಾಗ ಕಾರ್ಡು ತುಂಬಿರುತ್ತಿತ್ತು. ಬರೆಯಲು ಕೂತ ಕಾರಣ ಮಾತ್ರ ಅಂಚಿನಲ್ಲಿ, ವಿಳಾಸದ ಪಕ್ಕದಲ್ಲಿ, ಇರುವೆ ಸಾಲಿನಂತೆ ಅಡ್ಡಡ್ಡ ಹೋಗುತ್ತಿತ್ತು. ನನ್ನ ಮದುವೆ ನಿಶ್ಚಯವಾದ ಸುದ್ದಿಯನ್ನು ನಮ್ಮ ಸೋದರತ್ತೆ ಕಾರ್ಡನ್ನು ನಾಲ್ಕು ಸಲ ತಿರುಗಿಸಿ ಓದಿಕೊಂಡರು.

ಇಂಥ ಮನೆಯಲ್ಲಿ ಬೆಳೆದವನ ಕೈಗೆ ಎಪ್ಪತ್ತರ ದಶಕದ ಕೊನೆಯಲ್ಲಿ ಟ್ರಂಕ್ ಕಾಲ್ ಸಿಕ್ಕಿತು. ಟ್ರಂಕ್ ಕಾಲ್ ಎಂದರೆ, ಮೊದಲೇ ಬುಕ್ ಮಾಡಿ ಕಾದು ಕೂತರೆ ಪರಊರಿಗೆ ಸಿಗುವ ಮೂರು ನಿಮಿಷ.

ಆಗ ನಾನು ದೇವದುರ್ಗದ ಹೈಸ್ಕೂಲಿನಲ್ಲಿ ಹಿಂದಿ ಮಾಸ್ತರ. ನನ್ನ ಹೆಂಡತಿ ಮಾನ್ವಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮದುವೆಯಾಗಿ ಎರಡು ವರ್ಷವಾಗಿತ್ತು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ಬಸ್ಸು ಹತ್ತಿ, ಸಿರವಾರದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ, ಸಂಜೆಗೆ ಮಾನ್ವಿ ತಲುಪುತ್ತಿದ್ದೆ. ಭಾನುವಾರ ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ನಮ್ಮ ಸಂಸಾರ ವಾರಪತ್ರಿಕೆಯಂತೆ ನಡೆಯುತ್ತಿತ್ತು. ಅವಳು ಸೋಮವಾರದಿಂದ ಶುಕ್ರವಾರದವರೆಗೆ ಎಂಥವಳು ಎಂಬುದು ನನಗೆ ಗೊತ್ತಿರಲಿಲ್ಲ. ನಾನು ಹೇಳುತ್ತಿರುವ ಹೊತ್ತಿಗೆ ಅವಳಿಗೆ ನಾಲ್ಕು ತಿಂಗಳು ತುಂಬಿತ್ತು.

ಇದಕ್ಕೆ ಸರ್ಕಾರ ಒಂದು ಔಷಧ ಇಟ್ಟಿತ್ತು. ಅದರ ಹೆಸರು ಮ್ಯೂಚುವಲ್. ಒಂದೇ ಹುದ್ದೆಯ ಇಬ್ಬರು ಒಪ್ಪಿ, ಊರು ಅದಲು ಬದಲು ಮಾಡಿಕೊಳ್ಳುವುದು. ಮಾನ್ವಿ ಹೈಸ್ಕೂಲಿನಲ್ಲಿಯೂ ಒಬ್ಬ ಹಿಂದಿ ಮಾಸ್ತರರಿದ್ದರು. ಅವರದು ದೇವದುರ್ಗ ತಾಲೂಕಿನ ಜಾಲಹಳ್ಳಿ. ಅವರಿಗೆ ಅವರ ಊರ ಕಡೆ ಹೋಗುವ ಆಸೆ, ನನಗೆ ಹೆಂಡತಿಯ ಕಡೆ. ಇಬ್ಬರೂ ಅರ್ಜಿ ಕೊಟ್ಟು ಹದಿನಾಲ್ಕು ತಿಂಗಳಾಗಿತ್ತು. ಅರ್ಜಿ ರಾಯಚೂರಿನ ಜಿಲ್ಲಾ ಕಚೇರಿಯಲ್ಲಿ ಒಂದು ಮೇಜಿನಿಂದ ಪಕ್ಕದ ಮೇಜಿಗೆ ಹೋಗಿತ್ತು. ಆ ಎರಡು ಮೇಜುಗಳ ನಡುವೆ ಒಂದು ಮೊಳ ಜಾಗ.

ಇನ್ನು ಮಾನ್ವಿಯ ಫೋನಿನ ವಿಷಯ ಹೇಳಬೇಕು. ನನ್ನ ಹೆಂಡತಿ ಬಾಡಿಗೆಗಿದ್ದ ಮನೆಯ ಎದುರಿಗೆ ಒಂದು ಅಡತಿ ಅಂಗಡಿ. ಶೇಂಗಾ, ಹತ್ತಿ ವ್ಯಾಪಾರ. ಅಂಗಡಿಯ ಹಿಂದೆಯೇ ಅವರ ಮನೆ. ಮಾಲೀಕರು ಅರವತ್ತು ದಾಟಿದ ಸಾಹೇಬರು. ನಾವಿಬ್ಬರೂ ಅವರನ್ನು ಚಾಚಾ ಎನ್ನುತ್ತಿದ್ದೆವು. ಆ ಓಣಿಗೆಲ್ಲ ಫೋನು ಅವರದೊಂದೇ. ಗಾದಿಯ ಪಕ್ಕದ ಸ್ಟೂಲಿನ ಮೇಲೆ, ಗುಲಾಬಿ ಹೂವಿನ ಕಸೂತಿ ಹಾಕಿದ ಬಟ್ಟೆ ಹೊದ್ದುಕೊಂಡು, ಮನೆಗೆ ಬಂದ ಬೀಗರಂತೆ ಅದು ಕೂತಿರುತ್ತಿತ್ತು. ಚಾಚಾ ಅದರಿಂದ ಯಾರಿಗೂ ಕರೆ ಮಾಡಿದ್ದನ್ನು ನಾನು ನೋಡಿಲ್ಲ. ಕರೆ ಬರುವುದು, ಬಂದ ಮಾತನ್ನು ಓಣಿಯವರಿಗೆ ಮುಟ್ಟಿಸುವುದು, ಇದಕ್ಕಾಗಿ ದೇವರು ಕೊಟ್ಟ ವಸ್ತು ಅದು ಎಂದು ಅವರು ನಂಬಿದ್ದರು.

ಅಲ್ಲಿಗೆ ಫೋನು ಮಾಡಿ ಮಾತು ಬಿಡುವವರು ಮೊದಲು ಸಲಾಮು ಹೇಳಬೇಕು. ತಾವು ಯಾರು, ಯಾರ ಮಗ, ಯಾವ ಊರಿಂದ ಎಂದು ಹೇಳಬೇಕು. ಚಾಚಾನ ಆರೋಗ್ಯ ಕೇಳಬೇಕು, ಅವರ ಮನೆಯವರದು ಕೇಳಬೇಕು, ತಮ್ಮದು ಹೇಳಬೇಕು. ಆಮೇಲೆ ವಿಷಯ. ಇದನ್ನು ಯಾರೂ ಗೋಡೆಯ ಮೇಲೆ ಬರೆದು ಹಾಕಿರಲಿಲ್ಲ. ಆದರೆ ರಾಯಚೂರಿನ ಒಬ್ಬ ವಿಮಾ ಏಜೆಂಟರಿಗೆ ಏನಾಯಿತು ಎಂಬುದು ಎಲ್ಲರಿಗೂ ಗೊತ್ತಿತ್ತು. ಅವರು ಒಂದು ದಿನ ಫೋನೆತ್ತಿ, 'ಏಯ್, ಮೂಲಿ ಮನಿ ಕಂಪೌಂಡರಗ ಹೇಳು, ನಾಳಿ ಬರ್ತೀನಿ' ಎಂದು ಒಂದೇ ಉಸಿರಿನಲ್ಲಿ ಮುಗಿಸಿದ್ದರು. ಕಂಪೌಂಡರನಿಗೆ ಆ ಮಾತು ಮುಟ್ಟಲಿಲ್ಲ. ಏಜೆಂಟರು ಮರುದಿನ ಬಂದು ಬೀಗ ನೋಡಿ, ಚಾಚಾನ ಮೇಲೆ ರೇಗಿದರು. ಚಾಚಾ ಶಾಂತವಾಗಿ ಹೇಳಿದರಂತೆ: 'ಮಾತು ಬಂದಿತ್ರಿ. ಆದರ ಬಾಗಲದಾಗಿಂದ ಬರಲಿಲ್ಲ, ಗ್ವಾಡಿ ಜಿಗದು ಬಂತು. ಗ್ವಾಡಿ ಜಿಗದು ಬಂದೋರ್ನ ನಾವು ಒಳಗ ಕರಿಯಂಗಿಲ್ಲ.'

ಮುಟ್ಟಿಸುವ ಕ್ರಮವೂ ಹಾಗೆಯೇ. ಚಾಚಾ ಹೊಸ್ತಿಲಲ್ಲಿ ನಿಂತು ಮಾತು ಹೇಳಿದವರಲ್ಲ. ಒಳಗೆ ಬಂದು ಕೂಡಬೇಕು, ಚಹಾ ಆಗಬೇಕು. ಕೇಳುವವರು ಹಸಿದಿದ್ದರೆ ಹೇಳುವಂತಿಲ್ಲ. ಸುದ್ದಿ ಒಳ್ಳೆಯದಾಗಲಿ ಕೆಟ್ಟದಾಗಲಿ, ಖಾಲಿ ಹೊಟ್ಟೆಗೆ ಬೀಳಬಾರದು. ಒಮ್ಮೆ ಪಕ್ಕದ ಮನೆಯ ಮಗಳು ಹೆತ್ತ ಸುದ್ದಿ ಬಂದಾಗ ಮನೆಮಂದಿಯನ್ನೆಲ್ಲ ಊಟಕ್ಕೆ ಕೂಡಿಸಿ, ಕೊನೆಯ ಮಜ್ಜಿಗೆ ಅನ್ನದವರೆಗೆ ಕಾದು, ಆಮೇಲೆ 'ಗಂಡು' ಎಂದಿದ್ದರು. ಹೇಳುವಾಗ ಮಾತ್ರ ಬಂದದ್ದನ್ನು ಬಂದ ಹಾಗೆ ಹೇಳುವರು. ಆ ಕಡೆಯವರು ನಡುವೆ ಕೆಮ್ಮಿದ್ದರೆ 'ಇಲ್ಲಿ ಒಮ್ಮಿ ಕೆಮ್ಮಿದ್ರು' ಎಂದೂ ಹೇಳುವರು. ಯಾಕೆ ಹಾಗಂದರು ಎಂದು ಯಾರಾದರೂ ಕೇಳಿದರೆ ಒಂದೇ ಉತ್ತರ: 'ನಾ ಬರೀ ತಂತಿ. ತಂತಿಗೇನು ಗೊತ್ತಿರ್ತದ?' ಮೂವತ್ತು ವರ್ಷದಲ್ಲಿ ಅವರು ಯಾರ ಮಾತಿಗೂ ತಮ್ಮದೊಂದು ಅಕ್ಷರ ಸೇರಿಸಿರಲಿಲ್ಲ. ಮಾನ್ವಿಯಲ್ಲಿ 'ಸಾಹೇಬರು ಹೇಳಿದರು' ಎಂದರೆ ರಿಜಿಸ್ಟರ್ ಪೋಸ್ಟಿನಲ್ಲಿ ಬಂದಂತೆ.

ಒಂದು ಗುರುವಾರ ನಾನು ರಜೆ ಹಾಕಿ, ಫೈಲು ಏನಾಯಿತೆಂದು ನೋಡಲು ದೇವದುರ್ಗದಿಂದ ರಾಯಚೂರಿನ ಕಚೇರಿಗೆ ಹೋದೆ. ಹೆಡ್ ಗುಮಾಸ್ತರು ನನ್ನನ್ನು ನೋಡಿ, ಬಹಳ ದಿನದಿಂದ ಹುಡುಕುತ್ತಿದ್ದವನು ಸಿಕ್ಕಂತೆ ಮುಖ ಮಾಡಿದರು.

'ಛಲೋ ಹೊತ್ತಿಗಿ ಬಂದ್ರಿ ನೋಡ್ರಿ. ನಿಮ್ಮ ಫೈಲು ಸಾಹೇಬರ ಮೇಜಿಗಿ ಹೋಗ್ಯದ. ಆದರ ಸಾಹೇಬರಿಗೇ ಟ್ರಾನ್ಸ್‌ಫರ್ ಆಗ್ಯದ. ಇವತ್ತು ಐದಕ್ಕ ಚಾರ್ಜ್ ಕೊಟ್ಟು ಹೊಂಟಾರ. ನಾಕರೊಳಗ ಇಬ್ಬರೂ ಅವರ ಮುಂದ ನಿಂತು ಸಹಿ ಮಾಡ್ರಿ, ಆರ್ಡರ್ ತಗೊಂಡು ಹೋಗ್ರಿ.'

'ಇಬ್ಬರೂ ಯಾಕ್ರಿ? ಅವರ ಒಪ್ಪಿಗಿ ಪತ್ರ ಫೈಲಿನಾಗೇ ಅದಲ್ರಿ.'

'ಹ್ವಾದ ಸಲ ಒಬ್ಬರು ಆರ್ಡರ್ ಆದ ಮ್ಯಾಲ ಬಂದು, ಸಹಿ ನಂದಲ್ಲ ಅಂದ್ರು. ಅವತ್ತಿನಿಂದ ಸಾಹೇಬರು ಸಹಿ ನಂಬಂಗಿಲ್ಲ, ಮುಖ ನೋಡ್ತಾರ.'

'ಇವತ್ತು ಆಗದಿದ್ರ?'

ಹೆಡ್ ಗುಮಾಸ್ತರು ಕನ್ನಡಕ ತೆಗೆದರು. 'ಹೊಸಬರು ಬರಬೇಕು. ಫೈಲು ಓದಬೇಕು. ಓದಿದ್ದು ತಿಳೀಬೇಕು. ಈ ಮೂರೂ ಒಬ್ಬರೇ ಸಾಹೇಬರ ಕಾಲದಾಗ ಆಗಂಗಿಲ್ಲರಿ ಮಾಸ್ತರ.'

ಗೋಡೆಯ ಗಡಿಯಾರ ಹನ್ನೊಂದೂಕಾಲು ತೋರಿಸುತ್ತಿತ್ತು. ಮಾನ್ವಿಯಿಂದ ರಾಯಚೂರಿಗೆ ಬಸ್ಸು ಆಗ ಎರಡೂವರೆ ತಾಸು ತೆಗೆದುಕೊಳ್ಳುತ್ತಿತ್ತು. ನಾನೇ ಹೋಗಿ ಕರೆತರಲು ಹೊತ್ತು ಸಾಲದು. ಮಾನ್ವಿಯ ಹಿಂದಿ ಮಾಸ್ತರರು ಒಂದು ಗಂಟೆಯ ಬಸ್ಸು ಹಿಡಿದರೆ ಸರಿ, ಅದು ತಪ್ಪಿದರೆ ನನ್ನ ಮಗುವಿಗೆ ತಂದೆಯೂ ವಾರಕ್ಕೊಮ್ಮೆ ಬರುವ ನೆಂಟನೇ. ನಾನು ಓಡುನಡಿಗೆಯಲ್ಲಿ ತಂತಿ ಆಫೀಸಿಗೆ ಹೋಗಿ, ಚಾಚಾನ ಅಂಗಡಿಗೆ ಅರ್ಜೆಂಟ್ ಕಾಲ್ ಬುಕ್ ಮಾಡಿ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಯಾಪಲದಿನ್ನಿಯ ಹಿರಿಯರೊಬ್ಬರು ತಮ್ಮ ಕರೆಗೆ ಕಾಯುತ್ತಿದ್ದರು. ಅರ್ಧ ತಾಸಿನಲ್ಲಿ ಅವರು ನನ್ನ ಕಥೆಯನ್ನೆಲ್ಲ ಕೇಳಿ ತಿಳಿದುಕೊಂಡರು.

ಕರೆ ಸಿಕ್ಕಿತು. ಗಾಜಿನ ಡಬ್ಬಿಯೊಳಗೆ ನಿಂತು, ಹೊರಗಿನವರಿಗೆಲ್ಲ ಕೇಳುವಂತೆ ಕೂಗಿದೆ.

'ಸಲಾಂ ಆಲೇಕುಂ ಚಾಚಾ! ನಾನ್ರಿ, ಎದುರುಮನಿ ಟೀಚರಮ್ಮನ ಯಜಮಾನ!'

'ವಾಲೇಕುಂ ಸಲಾಂ! ಅರೆ, ದೇವದುರ್ಗದ ಮಾಸ್ತರು! ಎಲ್ಲಿಂದ ಮಾತಾಡಾಕತ್ತೀರಿ?'

'ರಾಯಚೂರಿಂದ್ರಿ!'

'ರಾಯಚೂರಾಗ ಮಳಿ ಹೆಂಗದ?'

'ಇಲ್ರಿ ಚಾಚಾ.'

'ಇಲ್ಲೂ ಇಲ್ಲ. ಅಪ್ಪಾರು ಆರಾಮ ಅದಾರ? ಗುಡಿ ಮೆಟ್ಲ ಹತ್ತಾಕ ಆಗ್ತದ?'

'ಹತ್ತತಾರ್ರಿ. ನೀವು ಆರಾಮ?'

'ಅಲ್ಲಾನ ದಯಾ.'

ಇಲ್ಲಿ ಒಂದು ಕ್ಷಣ ಬಾಗಿಲು ತೆರೆದಿತ್ತು. ಬೇರೆ ಯಾರೇ ಆಗಿದ್ದರೂ ವಿಷಯವನ್ನು ಒಳಗೆ ನೂಕಿಬಿಡುತ್ತಿದ್ದರು. ಆದರೆ ಚಾಚಾ ನನ್ನ ತಂದೆಯನ್ನು ಕೇಳಿದ್ದರು. ನಾನು ಅವರ ತಾಯಿಯನ್ನು ಕೇಳದೆ ಬಿಡುವುದು ಹೇಗೆ?

'ಅಮ್ಮೀಜಾನ್ ಅವರ ಮೊಣಕಾಲು ಹೆಂಗದ್ರಿ?'

ಚಾಚಾ ನಿಟ್ಟುಸಿರು ಬಿಟ್ಟು ಹೇಳಲು ಶುರುಮಾಡಿದರು. ಎಡಗಡೆಯದು ವಾಸಿ. ಬಲಗಡೆಯದಕ್ಕೆ ಚೀಕಲಪರ್ವಿಯ ಹಕೀಮರು ಒಂದು ಎಣ್ಣೆ ಕೊಟ್ಟಿದ್ದಾರೆ. ಎಣ್ಣೆ ಹಚ್ಚಿದರೆ ನೋವು ಹೋಗುತ್ತದೆ, ಆದರೆ ವಾಸನೆಗೆ ನಿದ್ದೆಯೂ ಹೋಗುತ್ತದೆ. ನಾನು ಗಾಜಿನಾಚೆ ನೋಡಿದೆ. ಯಾಪಲದಿನ್ನಿಯ ಹಿರಿಯರು ಬೆಂಚಿನಿಂದೆದ್ದು ಬಂದು ಗಾಜಿಗೆ ಮುಖ ಹಚ್ಚಿ, 'ಮಾಸ್ತರ, ಮೊಣಕಾಲು ಬಿಡ್ರಿ! ಬಸ್ಸು, ಬಸ್ಸು!' ಎಂದು ಕೂಗುತ್ತಿದ್ದರು.

'ಮೂರು ನಿಮಿಷ ಆತ್ರಿ,' ಎಂದಿತು ಆಪರೇಟರನ ದನಿ.

'ಚಾಚಾ, ಒಂದು ಮಾತಿತ್ತು—'

'ಹೇಳ್ರಿ ಮಾಸ್ತರ, ಸಂಕೋಚ ಬ್ಯಾಡ. ಈ ಫೋನು ನಿಮ್ಮದೇ ಅಂತ ತಿಳ್ಕೊಂಡು—'

ಅವರ ಆ ಸೌಜನ್ಯದಲ್ಲಿ ಕೊನೆಯ ನಾಲ್ಕು ಸೆಕೆಂಡು ಮುಗಿದು ಕರೆ ಕಟ್ಟಾಯಿತು. ಲೈನಿಗೆ ಬಹಳ ಜನ ಕಾಯುತ್ತಿದ್ದುದರಿಂದ ಇನ್ನು ಮೂರು ನಿಮಿಷ ಬೆಳೆಸಲು ಆಪರೇಟರ ಒಪ್ಪಲಿಲ್ಲ. ಮತ್ತೆ ಬುಕ್ ಮಾಡಿ ಮತ್ತೆ ಕೂತೆ. 'ಹದಿನಾಕು ತಿಂಗಳಿನ ಫೈಲು, ಒಂದು ಮೊಣಕಾಲಿಗೆ ಸಿಕ್ಕೊಂತು,' ಎಂದು ಹಿರಿಯರು ತಮ್ಮಷ್ಟಕ್ಕೇ ಹೇಳಿಕೊಂಡರು.

ಎರಡನೆಯ ಕರೆ ಸಿಕ್ಕಾಗ ಒಂದಕ್ಕೆ ಐದು ನಿಮಿಷ. ಈ ಸಲ ಎತ್ತಿದ್ದು ಚಾಚಾನ ತಾಯಿ, ನಾವು ದಾದೀ ಎಂದು ಕರೆಯುವ ಅಜ್ಜಿ. ಅವರಿಗೆ ಎಂಬತ್ತರ ಮೇಲೆ. ನಾನು ಸಂಸ್ಕಾರವನ್ನೆಲ್ಲ ಗಾಜಿನ ಡಬ್ಬಿಯ ಹೊರಗೇ ಬಿಟ್ಟು ಬಂದಿದ್ದೆ.

'ಚಾಚಾ ಎಲ್ಲಿ ಅದಾರ್ರಿ?'

'ಅವ ಇಲ್ಲ. ನಿನ್ನ ಹೆಂಡ್ತಿ ಸಾಲಿಗಿ ಹೋಗ್ಯಾನ, ಕರೀ ಶೇರ್ವಾನಿ ಹಾಕ್ಕೊಂಡು.'

ಆ ಕರಿ ಶೇರ್ವಾನಿ ಮದುವೆಗೆ ಅಥವಾ ಮಣ್ಣಿಗೆ ಮಾತ್ರ ಪೆಟ್ಟಿಗೆಯಿಂದ ಹೊರಬರುತ್ತಿತ್ತು. ಗುರುವಾರ ಮಟಮಟ ಮಧ್ಯಾಹ್ನ ನನ್ನ ಹೆಂಡತಿಯ ಶಾಲೆಯಲ್ಲಿ ಯಾರ ಮದುವೆ?

'ದಾದೀ, ಒಂದೇ ಮಾತು. ಹೈಸ್ಕೂಲ್ ಹಿಂದಿ ಮಾಸ್ತರು ನಾಕರೊಳಗ ರಾಯಚೂರ ಕಚೇರಿಗಿ ಬರಬೇಕು. ಒಂದರ ಬಸ್ಸಿಗೇ ಹತ್ತಬೇಕು. ಇಷ್ಟೇ ಹೇಳ್ರಿ.'



'ಸಲಾಂ ಇಲ್ಲ, ದುವಾ ಇಲ್ಲ. ಏನೋ ಇದು, ಪೊಲೀಸ್ರಂಗ ಮಾತಾಡಾಕತ್ತಿ? ಮೊಣಕಾಲು ಹೆಂಗದ ಅಂತ ಕೇಳಲಿಲ್ಲ.'

'ಆಗಲೇ ಕೇಳಿದ್ನೆಲ್ರಿ ದಾದೀ.'

'ಅವನ್ನ ಕೇಳಿದಿ. ಮೊಣಕಾಲು ನಂದು.'

ಅವರನ್ನೇ ಕೇಳಿದೆ. ಅವರು ಹೇಳಿದರು. ಆ ಬೆನ್ನಿಗೇ, ಬಸುರಿ ಹೆಂಗಸನ್ನು ಒಂದು ಊರಲ್ಲಿಟ್ಟು ತಾನೊಂದು ಊರಲ್ಲಿರುವ ಗಂಡಸಿನ ಬಗ್ಗೆ ತಮ್ಮ ಅಭಿಪ್ರಾಯವನ್ನೂ ಹೇಳಿದರು. ಆ ಗಂಡಸು ಅದನ್ನು ಸರಿಪಡಿಸಲೆಂದೇ ಗಾಜಿನ ಡಬ್ಬಿಯಲ್ಲಿ ಬೆವರುತ್ತಿದ್ದಾನೆ ಎಂದು ಹೇಳಲು ಅವಕಾಶವಾಗಲಿಲ್ಲ. ಕೊನೆಗೆ, 'ಆತು, ನಿನ್ನ ಮಾತು ಮಗಗ ಹೇಳ್ತೀನಿ. ಬರಲಿ, ಊಟ ಮಾಡಲಿ, ಹೇಳ್ತೀನಿ,' ಎಂದು ಫೋನಿಟ್ಟರು. ಮೂರು ನಿಮಿಷಕ್ಕೆ ಇನ್ನೂ ಹತ್ತು ಸೆಕೆಂಡು ಬಾಕಿಯಿತ್ತು. ಆ ಮನೆಯಲ್ಲಿ ಚಿಕ್ಕ ಮಾತಿನವರು ಅವರೇ.

ನಾನು ಕಚೇರಿಗೆ ಮರಳಿ ಜಗಲಿಯ ಮೇಲೆ ಕೂತೆ. ಎರಡಾಯಿತು, ಮೂರಾಯಿತು. ಮೂರೂವರೆಗೆ ಸಾಹೇಬರ ಕುರ್ಚಿಯ ದಿಂಬನ್ನು ಜವಾನ ಬಿಸಿಲಿಗೆ ಹಾಕಿದ. ಹೆಡ್ ಗುಮಾಸ್ತರು ಹಾದುಹೋಗುವಾಗಲೆಲ್ಲ ನನ್ನ ಕಡೆ, ರೋಗಿಯ ಕಡೆಯವರನ್ನು ನೋಡುವ ಡಾಕ್ಟರರ ನೋಟ ನೋಡುತ್ತಿದ್ದರು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಗೇಟಿನಲ್ಲಿ ಟಾಂಗಾ ನಿಂತಿತು. ಮಾನ್ವಿಯ ಹಿಂದಿ ಮಾಸ್ತರರು ಇಳಿದರು. ಒಂದು ಕೈಯಲ್ಲಿ ಛತ್ರಿ, ಇನ್ನೊಂದು ಕೈಯಲ್ಲಿ ತೊಳೆಯಲು ಪುರುಸೊತ್ತಾಗದ ಸೀಮೆಸುಣ್ಣದ ಪುಡಿ.

'ನೀವು ಹೇಳಿ ಕಳಿಸಿದ್ರೆಲ್ರಿ, ಬಂದೆ,' ಎಂದರು.

ನಾನು ದಾದಿಗೆ ಹೇಳಿದ್ದು ಒಂದರ ಬಸ್ಸಿಗೆ ಮೊದಲು ಇವರಿಗೆ ಮುಟ್ಟುವಂತಿರಲಿಲ್ಲ. ಆದರೆ ಅದನ್ನು ಬಿಡಿಸಿ ಕೇಳಲು ಹೊತ್ತಿರಲಿಲ್ಲ. ಒಳಗೆ ಹೋದೆವು. ಸಾಹೇಬರು ನನ್ನ ಮುಖ ನೋಡಿದರು, ಅವರ ಮುಖ ನೋಡಿದರು, 'ಯಾರು ಯಾವ ಊರಿಗೆ?' ಎಂದು ಕೇಳಿದರು, ನಮ್ಮ ಉತ್ತರ ಮುಗಿಯುವ ಮೊದಲೇ ಸಹಿ ಹಾಕಿದರು. ಹದಿನಾಲ್ಕು ತಿಂಗಳ ಕೆಲಸ ಒಂದು ಆಕಳಿಕೆಯ ಹೊತ್ತಿನಲ್ಲಿ ಮುಗಿಯಿತು.

ಸಂಜೆ ಮಾನ್ವಿಯಲ್ಲಿ ಬಸ್ಸಿಳಿದು ಮನೆಗೆ ಹೋದಾಗ ಹೆಂಡತಿ ನಡೆದದ್ದನ್ನು ಹೇಳಿದಳು.

ನನ್ನ ಮೊದಲ ಕರೆ ಕಟ್ಟಾದ ಮೇಲೆ ಚಾಚಾ ಕರೆ ಮತ್ತೆ ಬಂದೀತೆಂದು ಫೋನಿನ ಪಕ್ಕದಲ್ಲೇ ಕಾದರಂತೆ. ಆಮೇಲೆ ಎದ್ದು ಪೆಟ್ಟಿಗೆ ತೆಗೆದು ಶೇರ್ವಾನಿ ಹಾಕಿಕೊಂಡು, ಶಾಲೆಗೆ ಹೋಗಿ, ಇವಳನ್ನು ತರಗತಿಯಿಂದ ಕರೆಸಿದ್ದಾರೆ.

'ಕೂಡು ಬೇಟಿ. ನೀರು ಕುಡಿ. ಬುತ್ತಿ ಉಂಡೀಯೇನು?'

'ಇನ್ನೂ ಹೊತ್ತಾಗಿಲ್ಲ ಚಾಚಾ. ಯಾಕ್ರಿ?'

'ಉಣ್ಣು. ಆಮ್ಯಾಲ ಹೇಳ್ತೀನಿ.'

ಶೇರ್ವಾನಿಯನ್ನು ಕಂಡೇ ಅವಳು ಸಾವಿನ ಸುದ್ದಿ ಎಂದುಕೊಂಡಿದ್ದಳು. ಎರಡು ರೊಟ್ಟಿ, ಪುಂಡಿಪಲ್ಯ. ಒಂದೊಂದು ತುತ್ತಿಗೂ ನಮ್ಮ ಬಳಗದಲ್ಲಿ ಒಬ್ಬೊಬ್ಬರನ್ನು ಮನಸ್ಸಿನಲ್ಲಿಯೇ ಕಳೆದುಕೊಳ್ಳುತ್ತ ಉಂಡಳಂತೆ. ಮೊದಲು ನನ್ನ ತಂದೆ, ಆಮೇಲೆ ಅವಳ ಅಜ್ಜಿ. ಎರಡನೆಯ ರೊಟ್ಟಿಯ ಹೊತ್ತಿಗೆ ನಾನು. ಡಬ್ಬಿ ಖಾಲಿಯಾದ ಮೇಲೆ ಚಾಚಾ ಗಂಟಲು ಸರಿಮಾಡಿಕೊಂಡರು.

'ಮಾಸ್ತರದು ಅರ್ಜೆಂಟ್ ಟ್ರಂಕ್ ಕಾಲ್ ಬಂದಿತ್ತು ಬೇಟಿ. ಧೈರ್ಯ ತಗೋ.'

'ಏನಂದ್ರು?'

'ಏನೂ ಅನ್ನಲಿಲ್ಲ.'

'ಏನೂ?'

'ಮಳಿ ಕೇಳಿದೆ, ಇಲ್ಲ ಅಂದ್ರು. ಅವರ ತಂದೀನ ಕೇಳಿದೆ, ಮೆಟ್ಲ ಹತ್ತತಾರ ಅಂದ್ರು. ನನ್ನ ಆರಾಮ ಕೇಳಿದ್ರು, ನಮ್ಮ ಅಮ್ಮೀಜಾನದು ಕೇಳಿದ್ರು. ಕಡೀಕ, ಒಂದು ಮಾತಿತ್ತು ಅಂದ್ರು, ಕಟ್ಟಾತು. ದನಿ ನಡಗ್ತಿತ್ತು. ಮೂರು ನಿಮಿಷ ಬರೀ ಆರಾಮ ಕೇಳೋರು ಆರಾಮ ಇರಂಗಿಲ್ಲ ಬೇಟಿ. ಏನೋ ಆಗ್ಯದ, ಬಾಯಿ ಬಿಟ್ಟು ಹೇಳಾಕ ಆಗವಲ್ದು.'

'ಎಲ್ಲಿಂದ ಮಾಡಿದ್ರು?'

'ರಾಯಚೂರಿಂದ.'

ನನ್ನ ಹೆಂಡತಿ ಡಬ್ಬಿ ಮುಚ್ಚಿದಳು. ತಂದೆ ಮೆಟ್ಟಿಲು ಹತ್ತುತ್ತಿದ್ದರೂ ನಾನು ದೇವದುರ್ಗದಲ್ಲಿ ಪಾಠ ಮಾಡಬೇಕಾದ ದಿನ ರಾಯಚೂರಿನಲ್ಲಿದ್ದೇನೆಂದರೆ ಕಚೇರಿಯಲ್ಲಿರಬೇಕು. ಕಚೇರಿಯಿಂದ ಮಾನ್ವಿಗೆ ಕರೆ ಮಾಡಿದ್ದೇನೆಂದರೆ ಹಿಂದಿ ಮಾಸ್ತರರು ಬೇಕಾಗಿರಬೇಕು. ಅರ್ಜೆಂಟ್ ಎಂದರೆ ಇವತ್ತೇ. ಎರಡು ವರ್ಷ ಭಾನುವಾರಗಳಲ್ಲಿ ಮಾತ್ರ ನೋಡಿದ್ದರೂ ಅವಳು ನನ್ನನ್ನು ಸಾಕಷ್ಟು ಓದಿಕೊಂಡಿದ್ದಳು.

'ಯಾರೂ ಸತ್ತಿಲ್ಲ ಚಾಚಾ. ಅವರು ಹಂಗೇ. ಮನಿಗಿ ಬೆಂಕಿ ಹತ್ತಿದ್ರೂ ಮದಲು ನೆರಮನಿಯವರ ನೆಗಡಿ ಕೇಳತಾರ. ಏಳ್ರಿ, ಹೈಸ್ಕೂಲಿಗಿ ಹೋಗೂಣು.'

ಹೈಸ್ಕೂಲು ಅದೇ ರಸ್ತೆಯ ತುದಿಯಲ್ಲಿತ್ತು. ಇಬ್ಬರೂ ಹೋದಾಗ ಹಿಂದಿ ಮಾಸ್ತರರು ಪಾಠ ಮಾಡುತ್ತಿದ್ದರು. ಅವರು ಎಚ್ಚರಿಕೆಯ ಮನುಷ್ಯ. ಇದೇ ಫೈಲಿಗಾಗಿ ಮೂರು ಸಲ ರಾಯಚೂರಿಗೆ ಹೋಗಿ, ಮೂರು ಸಲವೂ ಮುಂದಿನ ವಾರ ಬನ್ನಿ ಎಂದು ಕೇಳಿ ಬಂದಿದ್ದರು.

'ಈಗಿಂದೀಗ ರಾಯಚೂರಿಗಿ ಹೋಗಬೇಕ್ರಿ ಸರ್. ನಮ್ಮ ಮನಿಯವರು ಫೋನ್ ಮಾಡಿದ್ರು,' ಎಂದಳು ಇವಳು.

'ನಾ ಬರಬೇಕಂತ ಅವರೇ ಅಂದ್ರೇನ್ರಿ?'

ಇವಳು ಸುಳ್ಳು ಹೇಳುವವಳಲ್ಲ. 'ಅನ್ನಾಕ ಆಗಲಿಲ್ಲ. ಆದರ ಅದೇ ಇರ್ತದ.'

'ಅನ್ನಲಾರದ ಮಾತಿಗಿ ನಾ ಹೆಂಗ ಹೋಗ್ಲಿ ಟೀಚರ? ಹೆಡ್ ಮಾಸ್ತರಿಗೆ ಏನಂತ ಹೇಳ್ಲಿ?' ಎಂದು ಅವರು ಚಾಚಾನ ಕಡೆ ತಿರುಗಿದರು. 'ಸಾಹೇಬ್ರ, ಫೋನು ನೀವು ಎತ್ತೀರಿ. ನೀವು ಹೇಳ್ರಿ. ಮಾಸ್ತರು ನನಗ ಬಾ ಅಂದಾರೋ, ಇಲ್ಲೋ? ನೀವು ಹೌದು ಅಂದ್ರ ಈಗ ಹೊಂಡ್ತೀನಿ.'

ಬಸ್ ಸ್ಟ್ಯಾಂಡಿನಲ್ಲಿ ಒಂದು ಗಂಟೆಯ ಬಸ್ಸು ಹಾರ್ನ್ ಹೊಡೆಯಿತಂತೆ. ಚಾಚಾ ಟೋಪಿ ತೆಗೆದು ಕೈಯಲ್ಲಿ ಹಿಡಿದರು, ಮತ್ತೆ ಹಾಕಿಕೊಂಡರು. ಇವಳ ಮುಖ ನೋಡಿದರು. ನೆಲ ನೋಡಿದರು.

'ಅಂದಾರ,' ಎಂದರು. 'ಹೊಂಡ್ರಿ.'

ಮೂವತ್ತು ವರ್ಷದಲ್ಲಿ ಮೊದಲ ಸಲ ತಂತಿ ತಾನಾಗಿ ಮಾತಾಡಿತು.

ಮರುದಿನ ಬೆಳಿಗ್ಗೆ ಕೃತಜ್ಞತೆ ಹೇಳಲು ಎದುರಿನ ಅಂಗಡಿಗೆ ಹೋದೆ. ಚಾಚಾ ಗಾದಿಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ನಾನು ಕೂಡುತ್ತಿದ್ದಂತೆ ಫೋನು ಗಂಟೆ ಬಾರಿಸಿತು. ಅವರು ಕೈ ಚಾಚಲಿಲ್ಲ. ಅದು ಬಾರಿಸಿ ಬಾರಿಸಿ ನಿಂತಿತು.

'ಎತ್ತಲಿಲ್ಲಲ್ರಿ ಚಾಚಾ.'

'ಇನ್ನ ಎತ್ತಂಗಿಲ್ಲ ಮಾಸ್ತರ. ಮಂದಿ ಈ ಫೋನಿಗಿ ಮಾತು ಯಾಕ ಬಿಡತಾರ? ಸಾಹೇಬ ಸೇರಸಂಗಿಲ್ಲ ಅಂತ. ನಿನ್ನೆ ಸೇರಿಸಿದೆ. ನೀವು ಅನ್ನದ್ದು ಅಂದಾರ ಅಂದೆ.'

'ಅದರಿಂದಾನೇ ನನ್ನ ಸಂಸಾರ ಒಂದಾತು!'

'ಅದು ನಿಮ್ಮ ನಸೀಬು. ಸುಳ್ಳು ನಂದು.'

ಒಳಗಿನಿಂದ ಅವರ ತಾಯಿಯ ದನಿ ಬಂತು. 'ನಿನ್ನೆಯಿಂದ ಹೇಳಾಕತ್ತೀನಿ, ಸುಳ್ಳಲ್ಲ ಅಂತ. ಮಾಸ್ತರ ಆ ಮಾತು ನನಗ ಹೇಳ್ಯಾನ. ಸಲಾಂ ಬಿಟ್ಟು ಹೇಳಿದ, ಆದರ ಹೇಳಿದ.'

'ಎಷ್ಟೊತ್ತಿಗೆ ಹೇಳಿದ್ರು ಅಮ್ಮೀ?'

'ಒಂದಕ್ಕ ಐದು ನಿಮಿಷ ಇತ್ತು.'

'ನಾ ಅಂದಿದ್ದು ಅದಕ್ಕೂ ಮದಲು,' ಎಂದು ಚಾಚಾ ನನ್ನ ಕಡೆ ನೋಡಿದರು. 'ನಾ ಅನ್ನೋ ಹೊತ್ತಿಗಿ ಆ ಮಾತು ಹುಟ್ಟಿರಲಿಲ್ಲ.'

ನಾನು ಹೈಸ್ಕೂಲಿನ ವ್ಯಾಕರಣದಲ್ಲಿ ಕಾಲಗಳನ್ನು ಕಲಿಸುವವನು. ಈ ಕಾಲಕ್ಕೆ ನನ್ನ ವ್ಯಾಕರಣದಲ್ಲಿ ಹೆಸರಿರಲಿಲ್ಲ. ಚಾಚಾ ಕೇಳಲೋ ಬೇಡವೋ ಎಂಬಂತೆ ಕೇಳಿದರು.

'ಹೊತ್ತು ತಪ್ಪಿದ ನಮಾಜು ನಾವು ಆಮ್ಯಾಲ ಓದಿ ತೀರಿಸ್ತೀವಿ. ಕಜಾ ಅಂತೀವಿ. ಮಾತಿಗೂ ಹಂಗ ಆಗ್ತದೇನ್ರಿ?'

'ಆಗ್ತದ್ರಿ,' ಎಂದೆ. ಯಾವ ಅಧಿಕಾರದಿಂದ ಎಂದೆನೋ ಗೊತ್ತಿಲ್ಲ. ಎದ್ದು ಅಂಗಡಿಯ ಬಾಗಿಲಿಗೆ ಹೋಗಿ, ಅದೇ ರಾಯಚೂರು ಎಂಬಂತೆ ನಿಂತು, ನಿನ್ನೆಯ ಕರೆಯನ್ನು ಮತ್ತೆ ಶುರುಮಾಡಿದೆ. ಸಲಾಮು ಹೇಳಿದೆ. ಯಾರು, ಎಲ್ಲಿಂದ ಎಂದು ಹೇಳಿದೆ. ಮಳೆ ಇಲ್ಲ ಎಂದೆ. ಅವರು ನನ್ನ ತಂದೆಯನ್ನು ಕೇಳಿದರು, ನಾನು ಅವರ ತಾಯಿಯನ್ನು ಕೇಳಿದೆ, ಅದಕ್ಕೆ ಉತ್ತರ ನೇರವಾಗಿ ಒಳಗಿನಿಂದಲೇ ಬಂತು. ಅವಸರ ಮಾಡುವ ಆಪರೇಟರ ಇರಲಿಲ್ಲ. ಎಲ್ಲ ಮುಗಿದ ಮೇಲೆ ಹೇಳಿದೆ: 'ಚಾಚಾ, ಒಂದು ಮಾತಿತ್ತು. ಹೈಸ್ಕೂಲ್ ಹಿಂದಿ ಮಾಸ್ತರಿಗೆ ಹೇಳ್ರಿ, ಗುರುವಾರ ನಾಕರೊಳಗ ರಾಯಚೂರಿಗಿ ಬರಬೇಕಂತ.'

'ಮುಟ್ಟಿಸ್ತೀನಿ,' ಎಂದರು ಚಾಚಾ, ಗಂಭೀರವಾಗಿ.

ಅದು ಅಲ್ಲಿಗೆ ಮುಗಿಯಿತೆಂದು ನಾನು ತಿಳಿದೆ. ಸಂಜೆ ನಾನು, ನನ್ನ ಹೆಂಡತಿ ಮನೆಯಲ್ಲಿ ಕೂತಿರುವಾಗ ಚಾಚಾ ಬಂದರು. ಒಳಗೆ ಬಂದು ಚಾಪೆಯ ಮೇಲೆ ಕೂತರು. ಇವಳು ಚಹಾ ಕೊಟ್ಟಳು. ನಮ್ಮದು ಊಟವಾಯಿತೇ ಎಂದು ಕೇಳಿ, ಮಧ್ಯಾಹ್ನವೇ ಆಗಿದೆ ಎಂದು ಖಾತ್ರಿ ಮಾಡಿಕೊಂಡು, ಲೋಟ ಕೆಳಗಿಟ್ಟರು.

'ಜುಮ್ಮಾ ನಮಾಜು ಮುಗಿಸಿ ಹಿಂದಿ ಮಾಸ್ತರ ಮನಿಗಿ ಹೋಗಿದ್ದೆ. ಜಾಲಹಳ್ಳಿಗೆ ಹೋಗಾಕ ಟ್ರಂಕು ಕಟ್ಟಾಕತ್ತಿದ್ರು. ಕೂಡಿಸಿದ್ರು, ಚಹಾ ಕೊಟ್ರು. ನಿಮ್ಮ ಮಾತು ಇದ್ದದ್ದು ಇದ್ದಂಗ ಹೇಳೀನಿ, ಗುರುವಾರ ನಾಕರೊಳಗ ರಾಯಚೂರಿಗಿ ಬರಬೇಕಂತ.'

ನನ್ನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿ ಒಳಗೆ ಹೋದಳು.

'ಅದಕ್ಕ ಅವರು ಏನಂದ್ರು ಚಾಚಾ?'

'ಸ್ವಲ್ಪ ಹೊತ್ತು ನನ್ನ ಮುಖಾನೇ ನೋಡಿದ್ರು. ಆಮ್ಯಾಲ ಕೈ ಮುಗಿದು, ಹೋಗಿ ಬಂದೀನಿ ಅಂತ ಹೇಳ್ರಿ ಅಂದ್ರು. ಇಲ್ಲಿ ಒಮ್ಮಿ ಕೆಮ್ಮಿದ್ರು.'